ಹಳಿ ಕಿತ್ತ ದಾರಿಯಲ್ಲಿ

ನಮ್ಮ ಊರುಗಳಲ್ಲಿ ಹೆಂಗಸು ಸುಮ್ಮನೆ ನಡೆಯುವುದಿಲ್ಲ. ಹಾಲಿಗೆ ಹೋಗುತ್ತಾಳೆ, ಹಿಟ್ಟಿನ ಗಿರಣಿಗೆ ಹೋಗುತ್ತಾಳೆ, ದೇವಸ್ಥಾನಕ್ಕೆ ಹೋಗುತ್ತಾಳೆ, ಮಗುವನ್ನು ಟ್ಯೂಷನ್ನಿಗೆ ಬಿಟ್ಟು ಬರುತ್ತಾಳೆ. ಕೈಯಲ್ಲೊಂದು ಚೀಲವೋ ಹೂವಿನ ಬುಟ್ಟಿಯೋ ಇದ್ದರೆ ದಾರಿ ತಾನಾಗಿಯೇ ಬಿಟ್ಟುಕೊಡುತ್ತದೆ. ಬರಿಗೈಯಲ್ಲಿ ಹೊರಟಳೋ, ಮೊದಲನೆಯ ತಿರುವಿನಲ್ಲೇ ಯಾರಾದರೂ ಕೇಳುತ್ತಾರೆ: "ಏನು ಮೇಡಂ, ಈ ಕಡೆ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಅದೊಂದು ಮಾತಾಡಿಸುವ ರೀತಿ, ಅಷ್ಟೆ. ಆದರೆ ಉತ್ತರ ಮಾತ್ರ ಸಿದ್ಧವಾಗಿರಬೇಕು. "ಸುಮ್ಮನೆ" ಎಂದು ಹೇಳಿ ನೋಡಿ. ಎದುರಿಗಿದ್ದವರ ಮುಖದಲ್ಲಿ, ಮನೆಯಲ್ಲಿ ಏನೋ ಜಗಳವಾಗಿರಬೇಕು ಎನ್ನುವ ಅನುಮಾನ ಮೂಡುತ್ತದೆ.

ಸಕ್ಕರೆ ಕಾಯಿಲೆ ಬಂದ ಮೇಲೆ ನಮ್ಮ ಹೆಂಗಸರಿಗೆ ವಾಕಿಂಗ್ ಮಾಡುವ ಪರವಾನಗಿ ಸಿಗುತ್ತದೆ. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರೆ ಅತ್ತೆಯವರೂ ಒಪ್ಪುತ್ತಾರೆ, ಗಂಡನೂ ಒಪ್ಪುತ್ತಾರೆ. ನನಗೆ ದೇವರ ದಯೆಯಿಂದ ಸಕ್ಕರೆ ಇಲ್ಲ. ಇರುವುದು ಮಂಡಿ ನೋವು, ಮೂವತ್ತು ವರ್ಷ ಕಪ್ಪು ಹಲಗೆಯ ಮುಂದೆ ನಿಂತದ್ದರ ಸಂಭಾವನೆ. ಮಂಡಿ ನೋವಿನವಳು ಮನೆಯಲ್ಲಿ ಕೂತಿರಬೇಕು ಎನ್ನುವುದು ಎಲ್ಲರ ತೀರ್ಮಾನ. ಹೀಗಾಗಿ ಐವತ್ತೇಳು ವರ್ಷವಾಗುವವರೆಗೂ ಕೆಲಸವಿಲ್ಲದೆ ಒಂದು ಮೈಲಿ ನಡೆದ ನೆನಪು ನನಗಿರಲಿಲ್ಲ.

2025ರ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿ, ಬೇಸಿಗೆ ರಜೆಗೆ ಒಂದಿಷ್ಟು ಗಳಿಕೆ ರಜೆ ಸೇರಿಸಿ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದೆ. ಅವಳಿರುವುದು ಇಲಿನಾಯ್ ರಾಜ್ಯದ ಬಟೇವಿಯಾ ಎಂಬ ಊರಿನಲ್ಲಿ. ಷಿಕಾಗೋ ನಗರದಿಂದ ಪಶ್ಚಿಮಕ್ಕೆ ನಲವತ್ತು ಮೈಲಿಯ ಆಸುಪಾಸು. ಊರ ನಡುವೆ ಫಾಕ್ಸ್ ಎಂಬ ನದಿ ಹರಿಯುತ್ತದೆ. ಫಾಕ್ಸ್ ಎಂದರೆ ನರಿ. ನಮ್ಮ ತುಂಗೆ, ಭದ್ರೆ, ಶರಾವತಿಯರ ಹೆಸರು ಕೇಳಿ ಬೆಳೆದವಳಿಗೆ ನದಿಗೆ ನರಿಯ ಹೆಸರೇ ಎಂದು ನಗು ಬಂತು. ಉತ್ತರದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿ, ಇನ್ನೂರು ಮೈಲಿ ಹರಿದು, ದಕ್ಷಿಣದಲ್ಲಿ ಇಲಿನಾಯ್ ನದಿಯನ್ನು ಸೇರುವ ಸಾಧು ನದಿ ಅದು.

ಮಗಳಿಗೆ ಎಣ್ಣೆ ನೀರು, ಮೆಣಸಿನ ಸಾರು, ಮಗುವಿನ ಸ್ನಾನ, ಧೂಪ ಎಲ್ಲ ಮುಗಿಯುವಷ್ಟರಲ್ಲಿ ಹತ್ತೂವರೆ. ತಾಯಿ ಮಗು ಇಬ್ಬರೂ ಮಲಗುತ್ತಿದ್ದರು. ಅಳಿಯಂದಿರು ಕಂಪ್ಯೂಟರಿನ ಮುಂದೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಸೊಪ್ಪಿನವಳ ಕೂಗಿಲ್ಲ, ಪಾತ್ರೆ ಸದ್ದಿಲ್ಲ. ಗಡಿಯಾರದ ಮುಳ್ಳು ನಡೆಯುವುದು ಕೇಳಿಸುತ್ತಿತ್ತು. ನಾಲ್ಕನೆಯ ದಿನ ಮಗಳೇ ಹೇಳಿದಳು: "ಅಮ್ಮಾ, ಇಲ್ಲೇ ಇಳಿದರೆ ಹೊಳೆ ದಂಡೆ. ಅಲ್ಲಿ ಹಳೇ ರೈಲು ದಾರಿ ಇದೆ. ನಡೆಯೋವ್ರಿಗೆ, ಸೈಕಲ್‌ನೋರಿಗೆ ಮಾತ್ರ. ಕಾರು ಬರಲ್ಲ. ಒಂದು ಸುತ್ತು ಹೋಗಿ ಬಾ."

ನಾನು ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಾಲಿಗೆ ಅವಳದೇ ಬೂಟು ಹಾಕಿಕೊಂಡು ಹೊರಟೆ. ಬಾಗಿಲ ಬಳಿ ಅವಳು ಬಿದ್ದು ಬಿದ್ದು ನಕ್ಕಳು. ನೋಡಿದರೆ, ಊರಿನಿಂದ ತಂದಿದ್ದ ಬಟ್ಟೆ ಚೀಲ ನನ್ನ ಕೈಯಲ್ಲಿತ್ತು. "ಅಲ್ಲಿ ತರೋದಕ್ಕೆ ಏನಿದೆಯಮ್ಮಾ?" ಏನೂ ಇಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಚೀಲ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಮಡಿಸಿ ಕಂಕುಳಲ್ಲಿ ಇಟ್ಟುಕೊಂಡೆ.

ದಾರಿ ಹೇಗಿದೆ ಎಂದು ಹೇಳಿಬಿಡುತ್ತೇನೆ. ಎಂಟು ಹತ್ತು ಅಡಿ ಅಗಲ. ಕೆಲವು ಕಡೆ ಡಾಂಬರು, ಕೆಲವು ಕಡೆ ಸುಣ್ಣಕಲ್ಲಿನ ಪುಡಿಯನ್ನು ಗಟ್ಟಿಸಿದ ನೆಲ. ಒಂದು ಪಕ್ಕದಲ್ಲಿ ಹೊಳೆ, ಇನ್ನೊಂದು ಪಕ್ಕದಲ್ಲಿ ಮರಗಳು. ನಾನು ಹೋದಾಗ ಮರಗಳೆಲ್ಲ ಬೋಳು. ಮೂರು ವಾರದಲ್ಲಿ, ಯಾರೋ ಹಸಿರು ಸೀರೆ ಉಡಿಸಿದ ಹಾಗೆ, ಚಿಗುರು ತುಂಬಿಕೊಂಡಿತು. ಮರದ ಬುಡದಲ್ಲಿ ನೀಲಿ ಗಂಟೆಯ ಹೂಗಳ ಹಾಸು. ಮೇ ತಿಂಗಳಿಗೆ ಕಾಡು ಬಾತುಗಳು ಹಳದಿ ಮರಿಗಳ ಸಾಲು ಕಟ್ಟಿಕೊಂಡು, ನಮ್ಮ ಶಾಲೆಯ ಪ್ರಾರ್ಥನೆಯ ಸಾಲಿನ ಶಿಸ್ತಿನಲ್ಲಿ, ದಾರಿ ದಾಟುತ್ತಿದ್ದವು. ಆಗ ಸೈಕಲ್ಲಿನವರು ಇಳಿದು ನಿಲ್ಲುತ್ತಿದ್ದರು. ಮರಿಗಳ ತಂಟೆಗೆ ಹೋದರೆ ತಾಯಿ ಕುತ್ತಿಗೆ ನೀಡಿ ಬುಸುಗುಟ್ಟಿಕೊಂಡು ಬರುತ್ತದೆ.

ದಾರಿಗೊಂದು ನಡತೆಯೂ ಇದೆ. ಎಲ್ಲರೂ ಬಲಬದಿಯಲ್ಲಿ ನಡೆಯಬೇಕು. ಹಿಂದಿನಿಂದ ಬರುವ ಸೈಕಲ್ಲಿನವರು ಗಂಟೆ ಹೊಡೆದು, "ನಿಮ್ಮ ಎಡಕ್ಕೆ ಬರುತ್ತಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳಿ ದಾಟುತ್ತಾರೆ. ಎದುರಾದವರು ಒಂದು ನಗೆ ಕೊಟ್ಟು ಹೋಗುತ್ತಾರೆ. ಎಲ್ಲಿಗೆ, ಏಕೆ ಎಂದು ಒಬ್ಬರೂ ಕೇಳುವುದಿಲ್ಲ. ಮೊದಲ ವಾರ ಆ ನಗೆಗಳನ್ನು ಎಣಿಸುತ್ತ, ಕೇಳದೆ ಉಳಿದ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತ ನಡೆದೆ. ಎರಡನೆಯ ವಾರ ಚೀಲವನ್ನು ಮನೆಯಲ್ಲೇ ಬಿಟ್ಟೆ.

ನನ್ನ ಮಂಡಿ ಮಾತ್ರ ನನಗಿಂತ ಮೊದಲೇ ಆ ದಾರಿಯನ್ನು ಮೆಚ್ಚಿಕೊಂಡಿತು. ಒಂದು ಮೈಲಿ ಹೋಗಿ ಬಂದರೂ ತಕರಾರಿಲ್ಲ. ಇದರ ಗುಟ್ಟು ರೈಲಿನಲ್ಲಿದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವುದು ಸುಲಭ, ಏರು ಹತ್ತುವುದು ಬಲು ಕಷ್ಟ. ಆದ್ದರಿಂದ ರೈಲು ದಾರಿ ಹಾಕುವವರು ದಿಬ್ಬ ಕಡಿದು, ತಗ್ಗು ತುಂಬಿ, ನೂರು ಅಡಿ ಹೋದರೆ ಒಂದೆರಡು ಅಡಿಗಿಂತ ಹೆಚ್ಚು ಏರದಂತೆ ನೆಲವನ್ನು ಹದ ಮಾಡುತ್ತಾರೆ. ತಿರುವುಗಳೂ ಅಷ್ಟೆ, ಗಕ್ಕನೆ ತಿರುಗುವುದಿಲ್ಲ. ಒಳ್ಳೆಯ ಸೊಸೆ ಮಾತು ತಿರುಗಿಸುವ ಹಾಗೆ, ಗೊತ್ತಾಗದಂತೆ ತಿರುಗುತ್ತವೆ. ಎಂದೋ ಉಗಿಬಂಡಿಗೆಂದು ಸಾವಿರಾರು ಕೂಲಿಗಳು ಮಾಡಿಟ್ಟ ಸಮತಟ್ಟು ಈಗ ಮುದುಕಿಯರ ಮಂಡಿಗೆ, ಮಗುವಿನ ತಳ್ಳುಗಾಡಿಗೆ, ಗಾಲಿಕುರ್ಚಿಗೆ ಒದಗಿತ್ತು.

ಬಟೇವಿಯಾ ಒಂದು ಕಾಲಕ್ಕೆ ಗಾಳಿಯಂತ್ರಗಳ ಊರು. ಬಾವಿಯಿಂದ ನೀರೆತ್ತುವ ಗಾಳಿಯಂತ್ರ ಮಾಡುವ ಆರು ಕಾರ್ಖಾನೆಗಳು ಈ ಚಿಕ್ಕ ಊರಿನಲ್ಲಿದ್ದವಂತೆ. ಹೊಲಗಳಿಗೂ, ಉಗಿಬಂಡಿಗಳಿಗೆ ನೀರು ತುಂಬುವ ರೈಲು ನಿಲ್ದಾಣಗಳಿಗೂ ಅವು ಹೋಗುತ್ತಿದ್ದವು. ಅಂಥ ಹಳೆಯ ಯಂತ್ರಗಳನ್ನು ಹುಡುಕಿ ತಂದು ಹೊಳೆಯ ದಂಡೆಯಲ್ಲಿ ನಿಲ್ಲಿಸಿದ್ದಾರೆ. 1854ರಲ್ಲಿ ಕಟ್ಟಿದ ರೈಲು ನಿಲ್ದಾಣವೊಂದು ಅಲ್ಲೇ ಪಕ್ಕದಲ್ಲಿ ವಸ್ತು ಸಂಗ್ರಹಾಲಯವಾಗಿ ಕೂತಿದೆ. ನಿಲ್ದಾಣವಿದೆ, ರೈಲಿಲ್ಲ. ಮಕ್ಕಳು ಹೊರಟುಹೋದ ಮನೆಯ ಹಾಗೆ ಅಚ್ಚುಕಟ್ಟಾಗಿದೆ.

ಅದರ ಎದುರಿನ ಬೆಂಚಿನಲ್ಲೇ ನನಗೊಬ್ಬರು ಅಜ್ಜಿಯ ಪರಿಚಯವಾಯಿತು. ಎಂಬತ್ತನಾಲ್ಕು ವರ್ಷ, ಒಂಟಿ ಜೀವ, ಎರಡು ಕೋಲು ಊರಿಕೊಂಡು ದಿನಕ್ಕೆ ಎರಡು ಮೈಲಿ ನಡೆಯುವ ಗಟ್ಟಿಗಿತ್ತಿ. ನನ್ನ ಸೀರೆಯ ಅಂಚನ್ನು ಮುಟ್ಟಿ ನೋಡಿ ಮಾತು ತೆಗೆದರು. ನನ್ನ ಇಂಗ್ಲಿಷು ಅವರಿಗೆ ನಿಧಾನ, ಅವರದು ನನಗೆ ಅವಸರ. ಆದರೂ ಹೆಂಗಸರಿಬ್ಬರಿಗೆ ಮಾತು ಅರ್ಥವಾಗಲು ವ್ಯಾಕರಣ ಎಷ್ಟು ಬೇಕು ಹೇಳಿ? ರೈಲು ಏಕೆ ನಿಂತಿತು ಎಂದು ಕೇಳಿದೆ. ಅವರು ಕೋಲು ಪಕ್ಕಕ್ಕಿಟ್ಟು ಕೂತರು.

ಅವರು ಹುಡುಗಿಯಾಗಿದ್ದಾಗ ಇದ್ದದ್ದು ಪೂರ್ವಕ್ಕಿರುವ ವೀಟನ್ ಎಂಬ ಊರಿನಲ್ಲಿ. ಷಿಕಾಗೋದಿಂದ ಅಲ್ಲಿಗೆ, ಅಲ್ಲಿಂದ ಕವಲೊಡೆದು ಈ ಹೊಳೆ ದಂಡೆಯ ಊರುಗಳಿಗೆ, ಒಂದು ವಿದ್ಯುತ್ ರೈಲು ಓಡುತ್ತಿತ್ತು. ಷಿಕಾಗೋ ಅರೋರಾ ಅಂಡ್ ಎಲ್ಜಿನ್ ಎಂದು ಅದರ ಹೆಸರು. ನಗರದ ಹೃದಯದವರೆಗೂ ನೇರವಾಗಿ ಹೋಗಿ ಇಳಿಸುತ್ತಿತ್ತಂತೆ. ಆಮೇಲೆ ನಗರದಲ್ಲಿ ಕಾರುಗಳಿಗೆಂದು ದೊಡ್ಡ ಹೆದ್ದಾರಿ ಕಟ್ಟಲು ಶುರುಮಾಡಿದರು. ಆ ಕೆಲಸಕ್ಕೆ ರೈಲಿನ ದಾರಿ ಅಡ್ಡ ಬಂತು. 1953ರಿಂದ ಈ ರೈಲನ್ನು ನಗರದ ಹೊರಗೇ ನಿಲ್ಲಿಸಿ, ಪ್ರಯಾಣಿಕರು ಇಳಿದು ಬೇರೆ ರೈಲು ಹತ್ತುವಂತೆ ಮಾಡಿದರು. ಜನ ಬೇಸತ್ತು ಅರ್ಧಕ್ಕರ್ಧ ಕಡಿಮೆಯಾದರು, ಕಾರು ಕೊಂಡರು. ಕಂಪನಿ ನಷ್ಟಕ್ಕೆ ಬಿತ್ತು.

1957ರ ಜುಲೈ 3. ಬೆಳಗ್ಗೆ ಎಂದಿನಂತೆ ಆ ರೈಲು ಕೆಲಸಕ್ಕೆ ಹೋಗುವವರನ್ನು ನಗರಕ್ಕೆ ಕರೆದೊಯ್ದಿತು. ಅವರಲ್ಲಿ ಈ ಅಜ್ಜಿಯ ತಂದೆಯೂ ಒಬ್ಬರು. ನ್ಯಾಯಾಲಯದಿಂದ ಅನುಮತಿ ಸಿಕ್ಕಿತೆಂದು ಮಧ್ಯಾಹ್ನ ಹನ್ನೆರಡು ದಾಟಿದ ಕೂಡಲೇ ಕಂಪನಿ ರೈಲುಗಳನ್ನು ನಿಲ್ಲಿಸಿಬಿಟ್ಟಿತು. ಸಂಜೆ ಜನ ನಿಲ್ದಾಣಕ್ಕೆ ಬಂದರೆ ಮನೆಗೆ ಹೋಗಲು ರೈಲಿಲ್ಲ! "ಅಮ್ಮ ಅಡಿಗೆ ಮಾಡಿ ಕಾದಳು. ಅಪ್ಪ ಯಾರದೋ ಕಾರಿನಲ್ಲಿ ರಾತ್ರಿ ಬಂದರು. ಮರುವಾರವೇ ಸಾಲ ಮಾಡಿ ಕಾರು ತಂದರು. ಅಮ್ಮನಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ಆಮೇಲೆ ಅವಳು ಒಬ್ಬಳೇ ಎಲ್ಲಿಗೂ ಹೋಗಲಿಲ್ಲ" ಎಂದರು ಅಜ್ಜಿ.

ಆ ಕಡೆಯ ಮಾತು ನನ್ನಲ್ಲಿ ಉಳಿಯಿತು. ರೈಲು ನಿಂತರೆ ಪಟ್ಟಣದ ಗಂಡಸಿಗೆ ಕಾರು ಬಂತು. ಹೆಂಗಸಿಗೆ ಹೊಸಿಲು ಬಂತು.

ಎರಡು ವರ್ಷದಲ್ಲಿ ಗೂಡ್ಸ್ ಗಾಡಿಯೂ ನಿಂತಿತು. ಹಳಿ ಕಿತ್ತು ಮಾರಿದರು. ಉಳಿದದ್ದು ಊರಿಂದೂರಿಗೆ ರಿಬ್ಬನ್ನಿನ ಹಾಗೆ ಬಿದ್ದಿದ್ದ ಉದ್ದನೆಯ ಪಾಳು ನೆಲ. ನಮ್ಮಲ್ಲಾದರೆ ಏನಾಗುತ್ತಿತ್ತೋ ಅಲ್ಲೂ ಅದೇ ಆಗುವುದರಲ್ಲಿತ್ತು. ಅಕ್ಕಪಕ್ಕದವರು ಬೇಲಿ ಸರಿಸುವುದು, ಕಸ ಸುರಿಯುವುದು, ರಸ್ತೆಗೋ ಕಟ್ಟಡಕ್ಕೋ ತುಂಡು ತುಂಡಾಗಿ ಕೊಡುವುದು. ಆಗ ಒಬ್ಬರು ಕಾಗದ ಬರೆದರು. ಮೇ ವಾಟ್ಸ್ ಎಂದು ಅವರ ಹೆಸರು. ಹುಟ್ಟಿದ್ದು 1893ರಲ್ಲಿ. ಚಿಕ್ಕ ವಯಸ್ಸಿನಲ್ಲಿ ಶಾಲಾ ಶಿಕ್ಷಕಿ, ಆಮೇಲೆ ಲೈಲ್ ಎಂಬಲ್ಲಿರುವ ಮಾರ್ಟನ್ ಸಸ್ಯೋದ್ಯಾನದಲ್ಲಿ ಜನರಿಗೆ ಗಿಡಮರಗಳ ಪಾಠ ಹೇಳುತ್ತಿದ್ದವರು. ನೆಲವನ್ನು ಓದುವುದು ಹೇಗೆ ಎಂಬುದರ ಮೇಲೆ 1957ರಲ್ಲಿ ಪುಸ್ತಕವನ್ನೂ ಬರೆದಿದ್ದರು. ಇಂಗ್ಲೆಂಡಿನಲ್ಲಿ ಹೊಲಗಳ ನಡುವೆ ಯಾರು ಬೇಕಾದರೂ ನಡೆಯಬಹುದಾದ ಕಾಲುದಾರಿಗಳನ್ನು ಕಂಡು ಬಂದಿದ್ದ ಅವರು 1963ರ ಸೆಪ್ಟೆಂಬರಿನಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದರು. ಆ ಹಳೆಯ ರೈಲು ನೆಲವನ್ನು ಹಂಚಿ ತಿನ್ನುವ ಮೊದಲೇ ಜನರ ನಡಿಗೆಗೆ ಉಳಿಸಿಕೊಳ್ಳೋಣ ಎನ್ನುವುದು ಅದರ ಸಾರಾಂಶ.

ಒಂದು ಪತ್ರಕ್ಕೆ ಏನು ಬೆಲೆ ಎನ್ನುತ್ತೀರಾ? ಪತ್ರ ಓದಿದವರು ಒಟ್ಟು ಸೇರಿದರು. ಸ್ವಂತ ಕೈಯಿಂದ ಮುಳ್ಳು ಕಡಿದರು, ಕಸ ಹೊತ್ತರು, ಜಿಲ್ಲೆಯ ಅಧಿಕಾರಿಗಳ ಬಾಗಿಲು ತಟ್ಟಿದರು. ಇಲಿನಾಯ್ ಪ್ರೇರಿ ದಾರಿ ಎಂಬ ಹೆಸರಿನಲ್ಲಿ ಸುಮಾರು ಅರವತ್ತು ಮೈಲಿಯ ಕಾಲುದಾರಿ ಉಳಿಯಿತು. ಅದರ ಕವಲುಗಳು ನಮ್ಮ ಫಾಕ್ಸ್ ನದಿಯ ದಾರಿಗೆ ಬಂದು ಕೂಡುತ್ತವೆ. ನದಿಯ ದಾರಿಯೂ ಅರೋರಾದಿಂದ ಉತ್ತರಕ್ಕೆ ಅಲ್ಗಾಂಕ್ವಿನ್‌ವರೆಗೆ ಹಲವು ಕಡೆ ಹಳೆಯ ರೈಲು ಹಾಸಿನ ಮೇಲೇ ಸಾಗುತ್ತದೆ. ಅದೇ ಕಾಲಕ್ಕೆ, 1967ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್‌ನಿಂದ ಸ್ಪಾರ್ಟಾವರೆಗೆ ಮೂರು ಸುರಂಗಗಳಿರುವ ಇಂಥ ದಾರಿ ತೆರೆಯಿತು. 1916ರಲ್ಲಿ ಅಮೆರಿಕದಲ್ಲಿ 2,54,000 ಮೈಲಿ ರೈಲು ದಾರಿ ಇತ್ತಂತೆ. ಆಮೇಲೆ ಅದರಲ್ಲಿ ದೊಡ್ಡದೊಂದು ಭಾಗ ಕೈಬಿಟ್ಟುಹೋಯಿತು. 1983ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿತು. ಬೇಡವಾದ ರೈಲು ನೆಲವನ್ನು ಒಡೆಯದೆ ಹಾಗೇ ಇಡಬಹುದು, ಮುಂದೆ ರೈಲು ಬೇಕಾದರೆ ವಾಪಸು ಕೊಡಬೇಕು, ಅಲ್ಲಿಯವರೆಗೆ ಜನ ನಡೆಯಲಿ ಎಂದು. ಈಗ ದೇಶದಲ್ಲಿ ಇಂಥ ದಾರಿಗಳು 25,000 ಮೈಲಿಗೂ ಹೆಚ್ಚು. ಮದುವೆಯಾಗಿ ಹೋದ ಮಗಳ ಕೋಣೆಯನ್ನು ಬಾಡಿಗೆಗೆ ಕೊಡದೆ, ಬಂದಾಗ ಇರಲಿ ಎಂದು ಇಟ್ಟುಕೊಂಡು, ಅಷ್ಟರವರೆಗೆ ಮೊಮ್ಮಕ್ಕಳು ಆಡಲಿ ಎನ್ನುವ ಹಾಗೆ.

ಇಷ್ಟೆಲ್ಲ ಹೊಗಳಿದೆ ಎಂದು ಅಲ್ಲಿ ಎಲ್ಲವೂ ಸ್ವರ್ಗ ಎಂದುಕೊಳ್ಳಬೇಡಿ. ದಾರಿ ತುಂಬ ಮೌನ. ಒಂದು ಲೋಟ ಕಾಫಿಗೆ ಊರೊಳಗೆ ಹತ್ತಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ವಯಸ್ಸಾದವರು ಮನೆಯಲ್ಲೇ. ಇನ್ನೊಂದು ತಮಾಷೆ ನೋಡಿ. ಭಾನುವಾರ ಬೆಳಗ್ಗೆ ದಾರಿಯ ಪಕ್ಕದ ಬಯಲಿನಲ್ಲಿ ಕಾರುಗಳು ಬಂದು ನಿಲ್ಲುತ್ತವೆ. ಒಂದೊಂದರ ಬೆನ್ನಿಗೂ ಎರಡು ಮೂರು ಸೈಕಲ್ ಕಟ್ಟಿರುತ್ತಾರೆ. ರೈಲನ್ನು ಕೊಂದ ಕಾರಿನಲ್ಲೇ ಕೂತು, ರೈಲಿದ್ದ ಜಾಗಕ್ಕೆ ಬಂದು, ಸೈಕಲ್ ತುಳಿದು ಹೋಗುತ್ತಾರೆ! ನನ್ನ ಮಗಳ ಮನೆಯಿಂದ ನಡೆದು ಹೋಗಿ ಒಂದು ಕಟ್ಟು ಕೊತ್ತಂಬರಿ ತರುವ ಹಾಗಿಲ್ಲ. ಅರೋರಾದ ಬಾಲಾಜಿ ದೇವಸ್ಥಾನಕ್ಕೂ ಕಾರು, ತರಕಾರಿಗೂ ಕಾರು. ನಮ್ಮಲ್ಲಿ ಕೆಲಸಕ್ಕೆ ಮಾತ್ರ ನಡೆಯುತ್ತೇವೆ, ಅವರು ಕೆಲಸವಿಲ್ಲದಾಗ ಮಾತ್ರ ನಡೆಯುತ್ತಾರೆ.

ಇನ್ನು ಸೈಕಲ್ಲಿನ ವಿಷಯ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1981ರಲ್ಲಿ ನನಗೆ ಹದಿಮೂರು ವರ್ಷ. ಅಪ್ಪನ ದೊಡ್ಡ ಸೈಕಲ್ಲಿನ ಸೀಟು ಎಟುಕದೆ, ಚೌಕಟ್ಟಿನ ಒಳಗಿಂದ ಕಾಲು ತೂರಿಸಿ, ಅಣ್ಣನೂ ನಾನೂ ಒಳಪೆಡಲು ಹೊಡೆಯುತ್ತಿದ್ದೆವು. ಅಂಗಡಿ ಸಾಲಿನವರೆಗೆ ಹೋಗಿ ಬರುವಷ್ಟು ಕಲಿತಿದ್ದೆ. ಅಷ್ಟರಲ್ಲಿ ದೊಡ್ಡವಳಾದೆ. ಆರತಿ ಮಾಡಿದರು, ಹಸಿ ಚಿಗಳಿ ತಿನ್ನಿಸಿದರು, ಹೊಸ ಲಂಗ ಕೊಟ್ಟರು. ಸೈಕಲ್ ಅಣ್ಣನ ಪಾಲಾಯಿತು. ಯಾರೂ ಗದರಲಿಲ್ಲ. "ಇನ್ನು ಮೇಲೆ ಅದೆಲ್ಲ ಬೇಡ ಪುಟ್ಟಿ" ಎಂದು ಅಜ್ಜಿ ಪ್ರೀತಿಯಿಂದಲೇ ತಲೆ ಸವರಿದರು. ಪ್ರೀತಿಯಿಂದ ಹೇಳಿದ ಮಾತನ್ನು ಮೀರುವುದು ಹೇಗೆ?

ಆಮೇಲೆ ಓದು, ಬಿ.ಎಡ್., ಕೆಲಸ, ಮದುವೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಸೈಕಲ್ಲುಗಳು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸವಾರಿ ಬರದ ಹುಡುಗಿಯರಿಗೆ ಆಟದ ಬಯಲಿನಲ್ಲಿ ಕ್ಯಾರಿಯರ್ ಹಿಡಿದುಕೊಂಡು ಓಡಿದವಳು ನಾನು. ಮೂರು ನಾಲ್ಕು ಮೈಲಿ ದೂರದ ಹಳ್ಳಿಗಳಿಂದ ಬಸ್ಸು ತಪ್ಪಿದರೆ ಗೈರುಹಾಜರಾಗುತ್ತಿದ್ದ ಹುಡುಗಿಯರು ಗಂಟೆ ಬಾರಿಸುತ್ತ ಗುಂಪಾಗಿ ಬರತೊಡಗಿದರು. ಎಷ್ಟೋ ಹುಡುಗಿಯರನ್ನು ಸೀಟಿನ ಮೇಲೆ ಕೂರಿಸಿದೆ. "ಮೇಡಂ, ನೀವೂ ಒಂದು ರೌಂಡು ಹೊಡೀರಿ" ಎಂದು ಅವರು ಕರೆದರೆ, ಸೀರೆಯ ನೆರಿಗೆ ತೋರಿಸಿ ನಕ್ಕು ಬಿಡುತ್ತಿದ್ದೆ.

ಮಗಳ ಮನೆಯ ಗ್ಯಾರೇಜಿನಲ್ಲಿ ಅವಳ ಸೈಕಲ್ ಧೂಳು ತಿನ್ನುತ್ತಿತ್ತು. ಅಡ್ಡಗಂಬಿ ಇಲ್ಲದ, ತಗ್ಗಾದ ಹೆಂಗಸರ ಸೈಕಲ್. ಮೇ ತಿಂಗಳ ಮೂರನೆಯ ವಾರ, ಅವಳು ಮಗುವನ್ನು ಎದೆಗೊರಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಮ್ಮಾ, ನೀನು ಚಿಕ್ಕವಳಿದ್ದಾಗ ಹೊಡೀತಿದ್ದೆಯಂತಲ್ಲ. ಮಾವ ಹೇಳಿದ್ದ. ತಗೋ ಹೋಗು" ಎಂದಳು. "ಬಿದ್ದು ಸೊಂಟ ಮುರಿದರೆ ನಿನ್ನ ಬಾಣಂತನದ ಜೊತೆಗೆ ನನ್ನದೂ ನೀನೇ ಮಾಡಬೇಕಾಗುತ್ತದೆ ಕಣೆ" ಎಂದೆ. ಅಳಿಯಂದಿರು ಮಾತಾಡದೆ ಗಾಳಿ ತುಂಬಿದರು, ಸೀಟನ್ನು ತಗ್ಗಿಸಿದರು, ತಲೆಗೆ ಹೆಲ್ಮೆಟ್ ತಂದುಕೊಟ್ಟರು. ಹೆಲ್ಮೆಟ್ಟಿನೊಳಗೆ ತುರುಬು ಹಿಡಿಸಲಿಲ್ಲ. ಐವತ್ತೇಳನೆಯ ವಯಸ್ಸಿನಲ್ಲಿ ಜಡೆ ಇಳಿಬಿಟ್ಟು, ಚೂಡಿದಾರ ತೊಟ್ಟು ಹೊರಟೆ.

ಮೂರು ದಿನ ಮನೆಯ ಮುಂದಿನ ಓಣಿಯಲ್ಲೇ ಕಾಲು ಊರಿ ಊರಿ ಸರಿಸಿದೆ. ನಾಲ್ಕನೆಯ ದಿನ ಹೊಳೆ ದಂಡೆಗೆ ತಳ್ಳಿಕೊಂಡು ಹೋದೆ. ವಾರದ ನಡುವಿನ ದಿನ, ಜನ ವಿರಳ. ಬೆಂಚಿನಲ್ಲಿ ಅಜ್ಜಿ ಕೂತಿದ್ದರು. ಅವರಿಗೆ ಕೈಬೀಸಲು ಹ್ಯಾಂಡಲ್ ಬಿಡುವ ಧೈರ್ಯವಿಲ್ಲದೆ ತಲೆಯಾಡಿಸಿದೆ. ಪೆಡಲಿನ ಮೇಲೆ ಎರಡೂ ಕಾಲು ಬಂದವು. ಗಾಲಿ ಸುತ್ತಿತು. ಹತ್ತು ಗಜ, ಐವತ್ತು ಗಜ, ನೂರು ಗಜ. ಮರಗಳು ಹಿಂದಕ್ಕೆ ಸರಿಯತೊಡಗಿದವು. ನೆಲ ಎಷ್ಟು ಸಮವಾಗಿತ್ತೆಂದರೆ ಸೈಕಲ್ ತನ್ನಷ್ಟಕ್ಕೆ ಹೋಗುತ್ತಿದೆ, ನಾನು ಸುಮ್ಮನೆ ಕೂತಿದ್ದೇನೆ ಎನ್ನಿಸಿತು. ನನ್ನ ಗಂಟಲು ಕಟ್ಟಿಬಂತು. ಕಣ್ಣು ಒರೆಸಲು ಕೈ ಬಿಡುವ ಹಾಗಿರಲಿಲ್ಲ. ಗಾಳಿಯೇ ಒರೆಸಿತು.

ಅಂದು ಅರ್ಧ ಮೈಲಿ. ಜೂನ್ ಹೊತ್ತಿಗೆ ಉತ್ತರಕ್ಕೆ ಜಿನೀವಾ ಊರಿನ ಕಡೆ ಫೇಬಿಯನ್ ಗಾಳಿಗಿರಣಿಯವರೆಗೆ ಹೋಗಿ ಬರುತ್ತಿದ್ದೆ. ಐದು ಅಂತಸ್ತಿನ ಮರದ ಗಿರಣಿ ಅದು. ಬೇರೆ ಊರಿನಲ್ಲಿದ್ದುದನ್ನು ಬಿಚ್ಚಿ, ಫೇಬಿಯನ್ ಎಂಬ ಶ್ರೀಮಂತರು 1915ರಲ್ಲಿ ಹೊಳೆ ದಂಡೆಗೆ ತಂದು ನಿಲ್ಲಿಸಿದ್ದಂತೆ. ಅವರ ಆ ಎಸ್ಟೇಟಿಗೇ 1916ರಲ್ಲಿ ಎಲಿಜಬೆತ್ ಸ್ಮಿತ್ ಎಂಬ ಇಪ್ಪತ್ತಮೂರರ ಹೆಣ್ಣುಮಗಳು, ಶಾಲೆಯ ಕೆಲಸ ಬಿಟ್ಟು ಬಂದವಳು, ಕೆಲಸಕ್ಕೆ ಸೇರಿದಳು. ಗುಪ್ತಲಿಪಿ ಬಿಡಿಸುವುದನ್ನು ಕಲಿತು, ಮುಂದೆ ದೇಶವೇ ನೆಚ್ಚುವಂಥ ನಿಪುಣೆಯಾದಳು. ಗಿರಣಿಯ ನೆರಳಲ್ಲಿ ಸೈಕಲ್ ಒರಗಿಸಿ, ನೀರು ಕುಡಿಯುತ್ತ, ಈ ಹೊಳೆಯ ಸುತ್ತಮುತ್ತ ಎಷ್ಟು ಟೀಚರುಗಳು ಸೇರಿದ್ದೇವೆ ಎಂದು ನನ್ನನ್ನೂ ಆ ಸಾಲಿನಲ್ಲಿ ನಿಲ್ಲಿಸಿಕೊಂಡು ನಕ್ಕೆ.

ಮಗಳು ತೆಗೆದ ವಿಡಿಯೊವನ್ನು ಅಣ್ಣನಿಗೆ ಕಳಿಸಿದ್ದಳು. ರಾತ್ರಿ ಅವನೇ ಫೋನು ಮಾಡಿದ. ಹಾಸ್ಯ ಮಾಡುತ್ತಾನೆ ಎಂದು ನಾನು ಸಿದ್ಧವಾಗಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವಾಗಲೂ ನೀನು ನನಗಿಂತ ಚೆನ್ನಾಗಿ ಹೊಡೀತಿದ್ದೆ ಕಣೆ" ಎಂದ. ನಲವತ್ತನಾಲ್ಕು ವರ್ಷ ಅವನೂ ಆ ಮಾತನ್ನು ಇಟ್ಟುಕೊಂಡಿದ್ದ.

ಜೂನ್ ಕೊನೆಯಲ್ಲಿ ಊರಿಗೆ ಬಂದೆ. ನಮ್ಮಲ್ಲಿ ಹಳಿ ಕಿತ್ತ ದಾರಿಗಳನ್ನು ಹುಡುಕಬೇಕಾಗಿಲ್ಲ, ಹುಡುಕಲೂಬಾರದು. ನಮಗೆ ರೈಲು ಇನ್ನೂ ಬೇಕು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುತ್ತಿದ್ದ ಪುಟ್ಟ ರೈಲು ಬಸ್ಸನ್ನು ಹತ್ತಿದವರು ನಿಮ್ಮಲ್ಲೂ ಇರಬಹುದು. ಆ ಕಿರಿದಾದ ಹಳಿಯನ್ನು ಕಿತ್ತದ್ದು ಅಗಲವಾದ ಹಳಿ ಹಾಕುವುದಕ್ಕೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲೂ 1996ರಿಂದ ಹತ್ತು ವರ್ಷ ಹಳಿ ಬದಲಿಸುವ ಕೆಲಸಕ್ಕೆಂದು ರೈಲು ನಿಂತಿತ್ತು. ಆಗ ಸುರಂಗ, ಸೇತುವೆಗಳ ಮೇಲೆ ಹುಡುಗರು ಚಾರಣ ಹೋಗುತ್ತಿದ್ದರು. ಈಗ ಅಲ್ಲಿ ಮತ್ತೆ ರೈಲು ಓಡುತ್ತಿದೆ, ಹಳಿಯ ಮೇಲೆ ನಡೆಯುವುದು ಅಪಾಯ, ಅಪರಾಧ. ಅದು ಹಾಗೇ ಇರಲಿ.

ಆದರೆ ನಮ್ಮೂರಿನ ಪಕ್ಕದಲ್ಲಿ ಭದ್ರಾ ನಾಲೆ ಹಾಯುತ್ತದೆ. ದಿನಾ ಕಾಣುತ್ತಿದ್ದ ನಾಲೆಯನ್ನು ಈ ಸಲ ಬೇರೆ ಕಣ್ಣಿನಿಂದ ನೋಡಿದೆ. ನೀರೂ ರೈಲಿನ ಹಾಗೆಯೇ, ಏರು ಹತ್ತುವುದಿಲ್ಲ. ನಾಲೆ ತೋಡುವವರೂ ಇಳಿಜಾರನ್ನು ಅಂಗುಲ ಅಂಗುಲ ಅಳೆದು, ಗುಡ್ಡ ಬಳಸಿ, ಸಮನಾಗಿ ಒಯ್ಯುತ್ತಾರೆ. ಆದ್ದರಿಂದ ನಾಲೆಯ ಏರಿಯ ಮೇಲಿನ ಮಣ್ಣು ದಾರಿಯೂ ಸಮತಟ್ಟು. ನೀರಾವರಿಯವರ ಜೀಪು ಅಪರೂಪಕ್ಕೆ ಬರುವುದು ಬಿಟ್ಟರೆ ವಾಹನವಿಲ್ಲ. ಎರಡೂ ಕಡೆ ಹೊಂಗೆ ಮರ, ಆಚೆಗೆ ಗದ್ದೆ, ತೋಟ. ಹೊಸದಾಗಿ ಕಟ್ಟಬೇಕಾದ್ದು ಏನೂ ಇಲ್ಲ. ಕಸ ಸುರಿಯದೆ, ಒತ್ತುವರಿಯಾಗದೆ ಉಳಿಯಬೇಕು. ನೀರಿನ ಅಂಚಿಗೆ ಒಂದಿಷ್ಟು ತಡೆಗಂಬಿ ಬೇಕು, ಒಂದೆರಡು ದೀಪ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಹೆಂಗಸರು ಕಾಣಬೇಕು. ಒಬ್ಬಳು ನಡೆದರೆ ಪ್ರಶ್ನೆ ಹುಟ್ಟುತ್ತದೆ, ಹತ್ತು ಮಂದಿ ನಡೆದರೆ ಅದು ದಾರಿಯಾಗುತ್ತದೆ.

ಶಾಲೆಯ ಸ್ಟಾಫ್ ರೂಮಿನಲ್ಲಿ ಮೇ ವಾಟ್ಸ್ ಅವರ ಪತ್ರದ ಕಥೆ ಹೇಳಿದೆ. ಹಿಂದಿ ಟೀಚರು, "ಅವರು ಬರೆದರು ಸರಿ, ನಾವೇನು ಮಾಡೋಣ?" ಎಂದರು. "ಬರೆಯೋಣ" ಎಂದೆ. ತಡೆಗಂಬಿ ಮತ್ತು ದೀಪ ಕೇಳಿ ಒಂದು ಅರ್ಜಿ ಬರೆದಿದ್ದೇವೆ. ನಲವತ್ತೊಂದು ಹೆಂಗಸರ ಸಹಿ ಬಿದ್ದಿದೆ. ಅಂಗನವಾಡಿಯವರು, ಹೂ ಕಟ್ಟುವವರು, ಬ್ಯಾಂಕಿನವರು, ನಮ್ಮ ಅತ್ತೆಯವರ ಹೆಬ್ಬೆಟ್ಟಿನ ಗುರುತೂ ಇದೆ. "ನಾನು ನಡೆಯೋಕಾಗಲ್ಲ, ನಡೆಯೋವ್ರಿಗಾದ್ರೂ ಆಗಲಿ" ಎಂದರು ಅವರು.

ಅರ್ಜಿಯ ಕೆಲಸ ಅರ್ಜಿ ಮಾಡಲಿ. ಭಾನುವಾರ ಬೆಳಗ್ಗೆ ಆರು ಗಂಟೆಗೆ ನಾವು ಎಂಟು ಮಂದಿ ನಾಲೆ ಏರಿಯ ಮೇಲೆ ಹೋಗುತ್ತೇವೆ. ಆರು ಜನ ನಡೆಯುತ್ತಾರೆ. ಇಬ್ಬರು ಸೈಕಲ್ಲಿನಲ್ಲಿ. ಒಬ್ಬಳು, ಅಂದು ನಾನು ಕ್ಯಾರಿಯರ್ ಹಿಡಿದು ಓಡಿ ಕಲಿಸಿದ ಹುಡುಗಿ. ಈಗ ಎರಡು ಮಕ್ಕಳ ತಾಯಿ, ನಮ್ಮ ಶಾಲೆಯಲ್ಲೇ ಅತಿಥಿ ಶಿಕ್ಷಕಿ. ಅವಳು ಮುಂದೆ, ನಾನು ಹಿಂದೆ. ನನ್ನ ಸೈಕಲ್ಲಿಗೆ ಒಳ್ಳೆಯ ಗಂಟೆ ಹಾಕಿಸಿದ್ದೇನೆ. ಎಮ್ಮೆ ಹೊಡೆದುಕೊಂಡು ಬರುವ ಅಜ್ಜಂದಿರು ಅದರ ಸದ್ದಿಗೆ ತಾವಾಗಿ ಒಂದು ಪಕ್ಕಕ್ಕೆ ಸರಿಯುತ್ತಾರೆ.